ಎಡಗಡೆಯ ವಾಲ್ವು

ನಮ್ಮಣ್ಣನಿಗೆ ಕೇಳುತ್ತಿದ್ದದ್ದು ಒಂದೇ ಕಿವಿ. ಆದರೆ ಎರಡೂ ಕಿವಿ ನೆಟ್ಟಗಿರುವ ಶಿಕಾರಿಪುರದವರೆಲ್ಲ ಕಿವುಡರು ಎಂಬುದು ಅವನ ಖಚಿತ ಅಭಿಪ್ರಾಯವಾಗಿತ್ತು.

ಕೊನೆಯ ಆ ಭಾನುವಾರವೂ ಅವನು ಹಾಗೇ ಇದ್ದ. ನಾನು ಸೊರಬದಿಂದ ಬಸ್ಸಿನಲ್ಲಿ ಬಂದು ಅವನ ಮನೆ ಮುಟ್ಟುವಷ್ಟರಲ್ಲಿ ಪಡಸಾಲೆಯಲ್ಲಿ ಎರಡು ಕುರ್ಚಿ ಹಾಕಿಯಾಗಿತ್ತು. ಫ್ಯಾನು ಆರಿಸಿತ್ತು. ಫ್ರಿಜ್ಜಿನ ಪ್ಲಗ್ಗು ಕಿತ್ತಿತ್ತು. ಗೋಡೆ ಗಡಿಯಾರದ ಸೆಲ್ಲು ಕೂಡ ಹೊರಗೆ. ನಾನು ಚಪ್ಪಲಿ ಬಿಡುವ ಮೊದಲೇ ಅಣ್ಣ ಹತ್ತಿಯ ಉಂಡೆ ಚಾಚಿದ.

"ತಗ, ಎಡಗಿವಿಗೆ ಇಟ್ಕ."

"ಒಂದು ಲೋಟ ನೀರಾದ್ರೂ ಕುಡೀತೀನಿ ಅಣ್ಣಾ."

"ಕುಡಿದ್ರೆ ಗಂಟಲಲ್ಲಿ ಸದ್ದಾಗ್ತದೆ. ಆಮೇಲೆ ಕುಡಿ."

ಹತ್ತಿ ಯಾಕೆ ಎಂದು ನೀವು ಕೇಳುವುದು ಸಹಜ. ಅಣ್ಣ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಯಂತ್ರ ಇದ್ದದ್ದು ಅವನ ಬಲಕ್ಕೆ. ಅದರ ಸದ್ದಿಗೆ ಆ ಕಡೆಯ ಕಿವಿ ಚಿಕ್ಕ ವಯಸ್ಸಿನಲ್ಲೇ ಹೋಯಿತು. ಬೇರೆಯವರಾಗಿದ್ದರೆ ಸದ್ದಿನ ಸಹವಾಸವೇ ಸಾಕು ಎನ್ನುತ್ತಿದ್ದರು. ಇವನು ಹಾಡು ಕೇಳಲು ಆಂಪ್ಲಿಫೈಯರ್ ಕಟ್ಟಲು ಕೂತ, ಅದೂ ವಾಲ್ವಿನದು. ವಾಲ್ವು ಎಂದರೆ ನಲ್ಲಿಯದಲ್ಲ. ಹಳೇ ರೇಡಿಯೊಗಳ ಹೊಟ್ಟೆಯೊಳಗೆ ಗಾಜಿನ ಬುಡ್ಡಿಯ ಹಾಗೆ ನಿಂತು ಕೆಂಪಗೆ ಮಿನುಗುತ್ತಿತ್ತಲ್ಲ, ಅದು. ಎಡಗಡೆಯ ಸ್ಪೀಕರಿಗೊಂದು, ಬಲಗಡೆಯದಕ್ಕೊಂದು. ಎರಡೂ ಒಂದೇ ಹದದಲ್ಲಿ ಹಾಡಬೇಕು. ನೋಡಲು ಅವಳಿ ಮಕ್ಕಳಂತಿದ್ದರೂ ಒಂದರ ದನಿ ಇನ್ನೊಂದಕ್ಕೆ ಇರುವುದಿಲ್ಲವಂತೆ. ಎಡಗಡೆಯದನ್ನು ಅವನೇ ತನ್ನ ಎಡಗಿವಿಯಿಂದ ಆರಿಸುತ್ತಿದ್ದ. ಬಲಗಡೆಯದಕ್ಕೆ ಒಂದು ಕಿವಿ ಬೇಕಲ್ಲ? ಅದಕ್ಕೆ ತಂಗಿಯಾದ ನಾನು. ನನಗೆ ಎರಡೂ ಕಿವಿ ಕೇಳಿದರೆ ಪರೀಕ್ಷೆ ಕೆಡುತ್ತದೆ ಎಂದು ಹತ್ತಿ. "ಈಗ ಇಬ್ರೂ ಸಮ," ಎನ್ನುತ್ತಿದ್ದ.

ಅವನ ಮಾತೆಲ್ಲ ಹಿಟ್ಟಿನದೇ. ಒಂದು ವಾಲ್ವು ತರಿ, ಇನ್ನೊಂದು ನುಣ್ಣಗೆ. ತೀರ ಚೆನ್ನಾಗಿದ್ದರೆ ಶ್ಯಾವಿಗೆ ಹಿಟ್ಟು. ಕೊಳಲಿನ ಒಂದೇ ಒಂದು ರೆಕಾರ್ಡು ಇತ್ತು. ಅದರ ಆರಂಭ ಕೇಳಿಸುವುದು, ನಿಲ್ಲಿಸುವುದು, ಬಿಸಿ ವಾಲ್ವನ್ನು ಮಸಿಬಟ್ಟೆಯಲ್ಲಿ ಹಿಡಿದು ಕೀಳುವುದು, ಬೇರೆಯದನ್ನು ಹಾಕುವುದು, ಮತ್ತೆ ಮೊದಲಿಂದ. ಕೊಳಲಿನವನಿಗೆ ಉಸಿರು ತೆಗೆದುಕೊಳ್ಳಲೂ ಇವನು ಬಿಡುತ್ತಿರಲಿಲ್ಲ. ಆ ರೆಕಾರ್ಡು ಹೇಗೆ ಮುಗಿಯುತ್ತದೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಬಂದು ನಿಲ್ಲುವರು.

"ಮಸಿಬಟ್ಟಿ ಕೊಡ್ರಿ, ಹಾಲು ಉಕ್ಕಾಕ ಹತ್ತೈತಿ."

"ಶ್, ಸುಮ್ನಿರು."

"ನಂಗಂತೂ ಎಲ್ಲಾ ವಾಲ್ವೂ ಒಂದೇ ಕೇಳ್ತಾವ."

"ಅದಕ್ಕೇ ನಿನ್ನ ಕುರ್ಚಿಯಾಗೆ ಕೂರ್ಸಿಲ್ಲ."

"ಕೂರ್ಸಿ ನೋಡ್ರಿ. ನಾನೂ ಉಪಾಸ, ನೀವೂ ಉಪಾಸ."

ಹಿಂದೊಮ್ಮೆ ಅತ್ತಿಗೆಯ ತಮ್ಮನಿಗೆ ಹೆಣ್ಣು ನೋಡಲು ಆನವಟ್ಟಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಅಣ್ಣನೇ ಹಿರಿಯ. ಹುಡುಗಿ ಉಪ್ಪಿಟ್ಟು ತಂದಿಟ್ಟಳು. ಅಣ್ಣನ ಕಣ್ಣು ಮಾತ್ರ ಅವಳ ತಲೆಯಿಂದ ಮೇಲೆ, ಗೋಡೆಯ ಗೂಡಿನಲ್ಲಿ ಬಟ್ಟೆ ಹೊದ್ದು ಕೂತಿದ್ದ ಹಳೇ ರೇಡಿಯೊದ ಮೇಲೆ. ಆ ಮನೆಯವರನ್ನು ಕೇಳಿ ಅದರ ಬೆನ್ನು ಬಿಚ್ಚಿ ನೋಡಿದ್ದೂ ಆಯಿತು. ಹಿಂತಿರುಗುವಾಗ ಅತ್ತಿಗೆ ಕೇಳಿದರು.

"ಹುಡ್ಗಿ ಹೆಂಗದಾಳ್ರಿ?"

"ಒಳಗೆ ಐದು ವಾಲ್ವು ಅದಾವೆ. ಒಂದು ಹೋಗೈತೆ. ಉಳಿದವು ಗಟ್ಟಿ."

ಹೇಗೋ ಸಂಬಂಧ ಕೂಡಿತು. ಮದುವೆಯಲ್ಲಿ ಹಿರಿಯರಿಗೆಲ್ಲ ಪಂಚೆ ಶಲ್ಯ ಕೊಟ್ಟರೆ, ಅಣ್ಣನಿಗೆ ಬೀಗರು ಆ ರೇಡಿಯೊ ಕೊಟ್ಟರು. ಮದುವೆಯ ಫೋಟೋಗಳಲ್ಲೆಲ್ಲ ಅವನು ಅದನ್ನು ಮಗುವಿನಂತೆ ಎತ್ತಿಕೊಂಡು ನಿಂತಿದ್ದಾನೆ.

ವಾಲ್ವುಗಳನ್ನು ಬಸ್ಸಿನಲ್ಲಿ ತರುವ ಸಂಭ್ರಮವೇ ಬೇರೆ. ಕಾಲುಚೀಲದೊಳಗೆ ವಾಲ್ವು, ಟಿಫಿನ್ ಡಬ್ಬಿಯೊಳಗೆ ಕಾಲುಚೀಲ, ತೊಡೆಯ ಮೇಲೆ ಡಬ್ಬಿ. ಗುಂಡಿ ಬಂತೆಂದರೆ ಡಬ್ಬಿ ಎತ್ತಿ ಹಿಡಿದು ಸೀಟಿನಿಂದ ಅರ್ಧ ಏಳುವನು. ಒಮ್ಮೆ ಕಂಡಕ್ಟರ್ ತಡೆಯಲಾರದೆ ಕೇಳಿದ.

"ಏನ್ರೀ ಅದು, ಮೊಟ್ಟೇನಾ?"

"ಹೂಂ."

"ನಾಟೀದಾ, ಫಾರಮ್ಮಿಂದಾ?"

"ರಷ್ಯಾದ್ದು."

ಕಂಡಕ್ಟರ್ ಚಿಲ್ಲರೆ ಕೊಟ್ಟು ಮುಂದೆ ಹೋದ. ಇಳಿಯುವವರೆಗೂ ತಿರುಗಿ ತಿರುಗಿ ನೋಡುತ್ತಿದ್ದ.

ಕೊನೆಯ ಭಾನುವಾರ ಬಲಗಡೆಗೆ ಹಾಕಿದ್ದು ಬೀಗರ ರೇಡಿಯೊದಿಂದ ತೆಗೆದ ವಾಲ್ವು. ನಾನು "ಶ್ಯಾವಿಗೆ ಹಿಟ್ಟು" ಎಂದೆ. ಅಣ್ಣ ನಂಬಲಿಲ್ಲ. ನನ್ನನ್ನು ಎಬ್ಬಿಸಿ, ಹತ್ತಿ ಬದಲಾಯಿಸಿ, ಮತ್ತೆ ಕೂರಿಸಿ ಕೇಳಿಸಿದ. ಆಗಲೂ ಅದನ್ನೇ ಹೇಳಿದೆ.

"ಹಂಗಾರೆ ಬಲಗಡೆದು ಮುಗೀತು. ನನ್ನ ಕಡೇದು ಇನ್ನೂ ತರಿ ಐತೆ. ಬರೋ ಭಾನುವಾರ ನೋಡನ."

ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಅಂದು ಕೇಳಿದೆ. "ಎರಡೂ ಸರಿಯಾದ್ರೆ ಏನಾಗ್ತದೆ ಅಣ್ಣಾ?"

"ಕೊಳಲಿನವನು ನಟ್ಟನಡುವೆ ಬಂದು ಕೂರ್ತಾನೆ. ಅಲ್ನೋಡು, ದೇವರ ಫೋಟೋ ಕೆಳಗೆ. ಅಲ್ಲಿ ಸ್ಪೀಕರ್ ಇಲ್ಲ, ಏನಿಲ್ಲ. ಆದ್ರೂ ಅಲ್ಲಿಂದಲೇ ಕೇಳ್ತದಂತೆ."

"ಕೇಳ್ತದಂತೆ ಅಂದ್ರೆ? ನಿಂಗೆ?"

"ಅದಕ್ಕೆ ಎರಡು ಕಿವಿ ಬೇಕಲ್ಲೇ. ಎಡಗಡೆದು ಸಿಕ್ಕ ದಿನ ನೀನು ಹತ್ತಿ ತೆಗೆದು ಕೇಳು. ಕೇಳಿ ನಂಗೆ ಹೇಳು." ಹಾಗೆಂದು ಎದ್ದು ಹೋಗಿ ಫ್ರಿಜ್ಜಿನ ಪ್ಲಗ್ಗು ಹಾಕಿದ.

ಬುಧವಾರ ಬೆಳಿಗ್ಗೆ ಗಿರಣಿಯ ಶಟರ್ ಎತ್ತಿದವನು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತನಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಕಾರ್ಯಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಭಾನುವಾರ ಹೋದೆ. ಪಡಸಾಲೆಯಲ್ಲಿ ಅತ್ತಿಗೆ ಎರಡು ಕುರ್ಚಿ ಹಾಕಿದ್ದರು. ಫ್ಯಾನು ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ಅವರೇ ಕಿತ್ತಿದ್ದರು. ಒಗೆದು ಮಡಚಿದ ಮಸಿಬಟ್ಟೆ ಆಂಪ್ಲಿಫೈಯರಿನ ಪಕ್ಕದಲ್ಲಿತ್ತು.

"ಹಚ್ಚವ್ವ," ಎಂದರು.

ಬಲಗಡೆಯದನ್ನು ಮುಟ್ಟಲಿಲ್ಲ. ಡಬ್ಬಿಯಲ್ಲಿದ್ದ ವಾಲ್ವುಗಳನ್ನು ಒಂದಾದ ಮೇಲೊಂದು ಎಡಗಡೆಗೆ ಹಾಕಿದೆ. ಹತ್ತಿ ಇಟ್ಟುಕೊಳ್ಳದೆ, ಎರಡೂ ಕುರ್ಚಿಗಳ ನಡುವೆ ನೆಲದ ಮೇಲೆ ಕೂತು ಕೇಳಿದೆ. ಕಡೆಯ ವಾಲ್ವು ಹಾಕಿದ ಮೇಲೆ ನಿಲ್ಲಿಸಲು ಮನಸ್ಸಾಗಲಿಲ್ಲ. ರೆಕಾರ್ಡು ಕೊನೆಯವರೆಗೂ ಓಡಿತು. ಕೊನೆಯಲ್ಲಿ ಚಪ್ಪಾಳೆ ಇದೆ. ಅದು ಜನರೆದುರು ನುಡಿಸಿದ್ದೆಂದು ನಮಗೆ ಗೊತ್ತೇ ಇರಲಿಲ್ಲ.

ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. "ಬಂದ್ನೇನು?" ಎಂದರು.

"ಇಲ್ಲ ಅತ್ತಿಗೆ."

ಕೊಳಲು ಬಲಕ್ಕೇ ಇದೆ. ನಡುವೆ, ದೇವರ ಫೋಟೋದ ಕೆಳಗೆ, ಯಾರೂ ಇಲ್ಲ.