ಕೂತವಳು ಎದ್ದು ನಿಂತದ್ದು

ರೋಗ ಬಂದರೆ ಮನುಷ್ಯ ಅಳುತ್ತಾನೆ ಅಂತಾರೆ. ನನಗೆ ಅಳಲು ಪುರಸೊತ್ತೇ ಸಿಗಲಿಲ್ಲ. ನಮ್ಮತ್ತೆ ಜೊತೆಗಿದ್ದರೆ ಎಂಥ ದವಾಖಾನೆಯಲ್ಲೂ ಏನಾದರೊಂದು ನಡೆದೇ ನಡೆಯುತ್ತಿತ್ತು.

ಕಣ್ಣಿನ ಬಣ್ಣ

ನಾನಾಗ ಸುರಪುರದ ರಂಗಂಪೇಟೆಯ ಶಾಲೆಯಲ್ಲಿ ಟೀಚರು. ಮೊದಲು ಕಣ್ಣಿನ ರೆಪ್ಪೆಗಳು ನೇರಳೆ ಬಣ್ಣಕ್ಕೆ ತಿರುಗಿದವು. ಆಮೇಲೆ ಬೋರ್ಡಿನ ಮೇಲೆ ಬರೆಯಲು ಕೈ ಏಳದಾಯಿತು. ಚಾಪೆಯ ಮೇಲೆ ಕೂತರೆ ಯಾರಾದರೂ ಎತ್ತಬೇಕು. ನೌಕರಿ ಹೋಯಿತೆಂದೇ ಹೆದರಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದು ನನ್ನ ಮುಖವನ್ನೇ ನೋಡಿದಳು.

"ಟೀಚರಮ್ಮ, ಕಣ್ಣಿಗೆ ಭಾಳ ಚಂದ ಬಣ್ಣ ಹಚ್ಚೀರಿ. ಎಲ್ಲಿ ತಂದ್ರಿ?"

"ಬಣ್ಣ ಅಲ್ಲವ್ವ, ರೋಗ ಅದು."

"ರೋಗ ಇರ್ಲಿ ಬಿಡ್ರಿ, ಅಂಗಡಿ ಯಾವುದು ಹೇಳ್ರಿ!"

ಕಡ್ಲಿ ಕಾಳಿನಷ್ಟು

ಯಾದಗಿರಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸ್ನಾಯುಗಳಲ್ಲಿ ಉರಿಯೂತ ಇದ್ದಂಗೈತಿ, ತೊಡೆಯಿಂದ ಒಂದು ಚೂರು ತೆಗೆದು ನೋಡಬೇಕು ಅಂದರು.

ನಮ್ಮತ್ತೆ ಜೀವಮಾನವೆಲ್ಲ ಕುರಿ ಸಾಕಿದವರು. "ಎಷ್ಟು ತೆಗೀತೀರಿ?" ಅಂತ ಕೇಳಿದರು.

"ಕಡ್ಲಿ ಕಾಳಿನಷ್ಟು."

"ಅಯ್ಯ, ಇಷ್ಟss ತುಂಡಿಗೆ ಚೂರಿ ಯಾಕ ತೊಳೀತೀರಿ?"

ನಾಯಿ ಕಟ್ಟೋದು

ರಿಪೋರ್ಟು ಬಂತು. ಡಾಕ್ಟರು ನಮ್ಮತ್ತೆಗೆ ತಿಳಿಸಿ ಹೇಳಿದರು: "ರೋಗದಿಂದ ಕಾಯೋ ಶಕ್ತಿ ಇರತೈತಲ್ಲ, ಅದss ದಾರಿ ತಪ್ಪಿ ಸ್ವಂತ ಸ್ನಾಯುವಿನ ಮ್ಯಾಲ ಬಿದ್ದೈತಿ."

"ಅಂದ್ರ ಕುರಿ ಕಾಯೋ ನಾಯಿಯೇ ಕುರಿ ಹಿಡದಂಗಾತಲ್ರಿ?"

"ಹೌದ್ರಿ! ಈ ಗುಳಿಗಿ ಆ ನಾಯಿನ ಕಟ್ಟತೈತಿ. ನನ್ನ ಕೇಳದ ಗುಳಿಗಿ ಒಮ್ಮಿಗೇ ಬಿಡಬಾರದು."

ಅವತ್ತಿನಿಂದ ನಮ್ಮತ್ತೆ ದಿನಾ ಮುಂಜಾನೆ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು: "ಏ ಹುಡುಗಿ, ನಾಯಿ ಕಟ್ಟಿದೇನು?" ನಮ್ಮ ಮನೆಯಲ್ಲಿ ಕಚ್ಚುವ ನಾಯಿ ಇದೆಯೆಂದು ಹೆದರಿ ಹಾಲಿನವನು ಬಾಗಿಲಿಗೆ ಬರುವುದನ್ನೇ ಬಿಟ್ಟ.

ಮುಖದ ಕಳೆ

ಗುಳಿಗೆಯಿಂದ ನನ್ನ ಮುಖ ಪೂರಿಯಂತೆ ಉಬ್ಬಿತು. ಆದರೆ ಕೈಯಲ್ಲಿ ಬಲ ಬರುತ್ತಿತ್ತು, ತಲೆ ನಾನೇ ಬಾಚಿಕೊಳ್ಳುತ್ತಿದ್ದೆ. ಅದೇ ವರ್ಷ ನಮ್ಮ ಹೊಲಕ್ಕೆ ಕಾಲುವೆ ನೀರು ಹರಿದು ಮೊದಲ ಸಲ ಭತ್ತ ನಾಟಿದ್ದೆವು. ಕಕ್ಕೇರಾದಿಂದ ಬಂದ ಬೀಗರು ನನ್ನನ್ನು ನೋಡಿ ನನ್ನ ಗಂಡನಿಗೆ ಹೇಳಿದರು: "ನೀರು ಹೊಲಕ್ಕ ಬಿಟ್ಟೀರೋ, ಟೀಚರಮ್ಮಗ ಬಿಟ್ಟೀರೋ?"

ಕೂಡ್ರಿ, ಏಳ್ರಿ

ಗುಳಿಗೆ ನುಂಗುತ್ತ, ಹೇಳಿಕೊಟ್ಟ ವ್ಯಾಯಾಮ ಮಾಡುತ್ತ ತಿಂಗಳುಗಳು ಕಳೆದವು. ಒಂದು ದಿನ ಡಾಕ್ಟರು, "ನೆಲದ ಮ್ಯಾಲ ಕೂತು, ಏನೂ ಹಿಡೀದ ಏಳ್ರಿ ನೋಡೋಣ" ಅಂದರು.

ಕೂತೆ. ಉಸಿರು ಬಿಗಿಹಿಡಿದು ತೊಡೆಗೆ ಬಲ ಕೊಟ್ಟೆ. ಎದ್ದೇಬಿಟ್ಟೆ! ನಮ್ಮತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಡಾಕ್ಟರಿಗೂ ಹುರುಪು ಬಂತು. "ಇನ್ನ ಮನ್ಯಾಗ ದಿನಾ ಹಿಂಗ ಮಾಡ್ರಿ" ಅಂತ ತಾವೇ ಕುಕ್ಕರಗಾಲಲ್ಲಿ ಕೂತು ತೋರಿಸಿದರು.

ಕೂತರು, ಏಳಲಿಲ್ಲ. ಮೊಣಕಾಲು ಹಿಡಿದುಬಿಟ್ಟಿತ್ತು.

ನಾನು ಎರಡೂ ಕೈ ಕೊಟ್ಟು ಒಂದೇ ಜಗ್ಗಿಗೆ ಅವರನ್ನು ಎತ್ತಿ ನಿಲ್ಲಿಸಿದೆ. ಡಾಕ್ಟರು ಬೆವರು ಒರೆಸಿಕೊಳ್ಳುತ್ತಲೇ ನಕ್ಕು, "ಸ್ನಾಯು ಗಟ್ಟಿ ಆಗ್ಯಾವ್ರಿ, ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ" ಅಂದರು.

ನಮ್ಮತ್ತೆ ಗಂಭೀರವಾಗಿ ಹೇಳಿದರು: "ಸಾಹೇಬ್ರ, ಮುಂದಿನ ತಿಂಗಳ ನೀವss ಸುರಪುರಕ್ಕ ಬರ್ರಿ. ನಮ್ಮ ಸೊಸಿ ನೋಡ್ತಾಳ."