ನಾಲ್ಕನೇ ಮಹಡಿಯ ನೆಲಮಹಡಿ

ಡೊಂಬಿವಲಿ ಪೂರ್ವದ ಸುಖಶಿಲ್ಪ ಸಹಕಾರಿ ಗೃಹನಿರ್ಮಾಣ ಸಂಸ್ಥೆಯಲ್ಲಿ ಕಳೆದ ಇಪ್ಪತ್ತಾರು ವರ್ಷಗಳಲ್ಲಿ ಹನ್ನೊಂದು ಮನೆಗಳು ಮಾರಾಟವಾಗಿದ್ದು, ಹನ್ನೊಂದೂ ತಪ್ಪಾಗಿ ಮಾರಾಟವಾಗಿವೆ. ಒಬ್ಬರು ಅವಸರಪಟ್ಟರು. ಇನ್ನೊಬ್ಬರು, ಯಾರೂ ಕೇಳದಿದ್ದರೂ, ಬಚ್ಚಲಿನ ನಲ್ಲಿ ಸೋರುವುದನ್ನು ತಾವಾಗಿಯೇ ಕರೆದೊಯ್ದು ತೋರಿಸಿದರು. ಎರಡನೇ ಮಹಡಿಯ ಮೇಷ್ಟ್ರು, ಕೊಳ್ಳಲು ಬಂದವನ ಹೆಂಡತಿ ತಮ್ಮ ಚಿಪಳೂಣದ ಕಡೆಯವಳೆಂದು ಗೊತ್ತಾಗಿ, ಕಣ್ಣಲ್ಲಿ ನೀರು ತಂದುಕೊಂಡು ಎರಡು ಲಕ್ಷ ಬಿಟ್ಟುಕೊಟ್ಟರು. ಒಬ್ಬರ ಮನೆ ಅಗ್ಗಕ್ಕೆ ಹೋದರೆ ಕಟ್ಟಡದ ಇಪ್ಪತ್ತು ಮನೆಗಳ ಬೆಲೆಯೂ ಇಳಿಯುತ್ತದೆ. ಆದ್ದರಿಂದ ಸಂಸ್ಥೆಯು ಮಾರಾಟ ದೋಷ ನಿವಾರಣಾ ಉಪಸಮಿತಿಯನ್ನು ನೇಮಿಸಿತು. ಈ ಸಮಿತಿ ತಪ್ಪುಗಳನ್ನೆಲ್ಲ ತಿದ್ದದೆ ಯಾರಿಗೂ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಕೊಡುವಂತಿಲ್ಲ. ಎನ್‌ಒಸಿ ಇಲ್ಲದೆ ಯಾರೂ ಮನೆ ಮಾರುವಂತಿಲ್ಲ.

ಅಧ್ಯಕ್ಷರಾಗಿ ನಾಲ್ಕನೇ ಮಹಡಿಯ ತಾಮ್ಹಣೆ ಕಾಕಾ ಅವಿರೋಧವಾಗಿ ಆಯ್ಕೆಯಾದರು. ಅವರು ಜೀವನದಲ್ಲಿ ಒಂದು ಮನೆಯನ್ನೂ ಮಾರಿರಲಿಲ್ಲ. ಹಾಗಾಗಿ ಮಾರಾಟದಲ್ಲಿ ಒಂದು ತಪ್ಪನ್ನೂ ಮಾಡಿರಲಿಲ್ಲ. ಕಾರ್ಯದರ್ಶಿಯಾಗಿ ನೆಲಮಹಡಿಯ ಶರಯೂ ಲೇಲೆ ಕಾಕು ಬಂದರು. ಅವರ ಅಕ್ಷರ ದುಂಡಗಿತ್ತು.

ಸಂಕ್ರಾಂತಿಯ ಮರುದಿನ ಮೊದಲ ಅರ್ಜಿ ಬಂತು. ಅರ್ಜಿ ಹಾಕಿದವಳು ತಾಮ್ಹಣೆ ಕಾಕಾ ಅವರ ಎದುರು ಬಾಗಿಲಿನ ಮೃಣಾಲ್ ರೇಡ್ಕರ್. ಅವಳ ಗಂಡ ದಿಲೀಪ ಆಷಾಢದಲ್ಲಿ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಮೊಣಕಾಲು ಪುಡಿ ಮಾಡಿಕೊಂಡಿದ್ದ. ಆಸ್ಪತ್ರೆಯಿಂದ ನಾಲ್ಕು ಜನ ಅವನನ್ನು ಹೊತ್ತು ಮೇಲೆ ತಂದರು. ಮೇಲೆ ತಂದವರು ಕೆಳಗೆ ಇಳಿಸಲು ಬರಲಿಲ್ಲ. ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ, ಮೆಟ್ಟಿಲು ಅರವತ್ತೆಂಟು. ಏಳು ತಿಂಗಳಿಂದ ದಿಲೀಪ ಕಿಟಕಿಯಲ್ಲಿ ಕೂತು ತನ್ನ ಮಗಳು ಓವಿ ಬೇರೆಯವರ ಕೈ ಹಿಡಿದು ಬಾಲವಾಡಿಗೆ ಹೋಗುವುದನ್ನು ನೋಡುತ್ತಿದ್ದ. ಬದಲಾಪುರದಲ್ಲಿ ಭೋಯಿರ್ ಅನ್ನುವವರ ಮನೆಯೊಂದು ಸಿಕ್ಕಿತ್ತು: ನೆಲಮಹಡಿ, ಬಾಗಿಲು ತೆರೆದರೆ ಅಂಗಳ. ಯುಗಾದಿಯ ಗುಡಿ ಪಾಡ್ವದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದು ಭೋಯಿರ್ ಹೇಳಿದ್ದರು.

ಭಾನುವಾರ ಉಪಸಮಿತಿ ತಪಾಸಣೆಗೆ ಬಂತು. ತಾಮ್ಹಣೆ ಕಾಕಾ ಎದುರು ಮನೆಯಿಂದ ಮೂರು ಹೆಜ್ಜೆ ಇಟ್ಟು ಬಂದರು. ಲೇಲೆ ಕಾಕು ಕೆಳಗಿನಿಂದ ಹತ್ತಿ ಬಂದು, ಮೊದಲ ಹತ್ತು ನಿಮಿಷ ಮಾತಾಡಲಾಗದೆ ಕೂತರು.

"ಮನೆ ಯಾಕೆ ಮಾರ್ತಿದ್ದೀಯ, ಮೃಣಾಲ್?" ತಾಮ್ಹಣೆ ಕಾಕಾ ಕೇಳಿದರು.

"ಕಾಕಾ, ಇವರನ್ನ ಹೊತ್ಕೊಂಡು ಬಂದಾಗ ಬಾಗಿಲು ಹಿಡ್ಕೊಂಡು ನಿಂತಿದ್ದೋರೇ ನೀವು."

"ಅದು ನೆರೆಮನೆಯವನಾಗಿ. ಈಗ ಅಧ್ಯಕ್ಷನಾಗಿ ಕೇಳ್ತಿದ್ದೀನಿ."

"ಇವರಿಗೆ ಇಳಿಯೋಕೆ ಆಗಲ್ಲ. ಅದಕ್ಕೇ."

ಲೇಲೆ ಕಾಕು ಬರೆದುಕೊಂಡರು: ತಪ್ಪು ಒಂದು, ಕಾರಣ ಹೇಳಿದ್ದು.

"ಕಷ್ಟ ಕಂಡರೆ ಗಿರಾಕಿ ಬೆಲೆ ಇಳಿಸ್ತಾನೆ," ತಾಮ್ಹಣೆ ಕಾಕಾ ವಿವರಿಸಿದರು. "ಮಾರೋ ಮನಸ್ಸೇ ಇಲ್ಲ ಅನ್ನಬೇಕು."

"ಹಾಗಂದ್ರೆ ಎದ್ದು ಹೋಗ್ತಾನೆ."

"ಹೋಗ್ಲಿ. ಎದ್ದು ಹೋದ ಗಿರಾಕಿ ಬೆಲೆ ಇಳಿಸಿದ್ದನ್ನ ನಾನಂತೂ ಕಂಡಿಲ್ಲ."

ತಪ್ಪು ಎರಡು, ಗೋಡೆಯ ಮೇಲೆ ಮನೆಯವರ ಫೋಟೋ ಇದ್ದದ್ದು. ಮೂರು, ಅಡುಗೆಮನೆಯಲ್ಲಿ ಬೊಂಬಿಲ್ ಮೀನಿನ ವಾಸನೆ ಬಂದದ್ದು. ನಾಲ್ಕು, ಆ ವಾಸನೆಗೆ ಅಧ್ಯಕ್ಷರ ಬಾಯಲ್ಲಿ ನೀರೂರಿ ತಪಾಸಣೆಗೆ ಅಡ್ಡಿಯಾದದ್ದು. ದಿಲೀಪ ಮನೆಯಲ್ಲಿ ಕಾಣುವಂತೆ ಕೂತದ್ದು ಒಂಬತ್ತನೆಯದು. ಪ್ರತಿ ತಪ್ಪಿಗೆ ಐನೂರು ರೂಪಾಯಿ ತಿದ್ದುಪಡಿ ದೇಣಿಗೆ ಇತ್ತು. ದೇಣಿಗೆ ಸ್ವಇಚ್ಛೆಯದು, ನಿಯಮ ಏಳರ ಪ್ರಕಾರ ಕಡ್ಡಾಯ.

"ಹದಿನಾಲ್ಕನೆಯದೇ ದೊಡ್ಡದು," ಎಂದರು ತಾಮ್ಹಣೆ ಕಾಕಾ. "ಮನೆ ನಾಲ್ಕನೇ ಮಹಡೀಲಿದೆ. ಲಿಫ್ಟಿಲ್ಲದ ನಾಲ್ಕನೇ ಮಹಡಿಗೆ ಯಾರು ಒಳ್ಳೆ ಬೆಲೆ ಕೊಡ್ತಾರೆ?"

"ಅದೂ ನನ್ನ ತಪ್ಪಾ? ಬಿಲ್ಡರ್ ಇಟ್ಟಿದ್ದು ಅಲ್ಲಿ."

"ತಪ್ಪು ಯಾರದು ಅಂತ ಸಮಿತಿ ಕೇಳೋದಿಲ್ಲಮ್ಮ. ತಿದ್ದುತ್ತೆ, ಅಷ್ಟೇ."

"ತಿದ್ದಿ. ನಾನೂ ನೋಡ್ತೀನಿ," ಎಂದಳು ಮೃಣಾಲ್. ಈ ಮಾತನ್ನು ಅರ್ಜಿದಾರರ ಲಿಖಿತ ಒಪ್ಪಿಗೆ ಎಂದು ಲೇಲೆ ಕಾಕು ದುಂಡಗೆ ಬರೆದುಕೊಂಡರು.

ಹದಿನಾಲ್ಕನೇ ತಪ್ಪನ್ನು ತಿದ್ದಲು ಫೆಬ್ರವರಿಯಲ್ಲಿ ವಿಶೇಷ ಸರ್ವಸಾಧಾರಣ ಸಭೆ ಕರೆಯಲಾಯಿತು. ಜಾಗ, ಕೆಳಗಿನ ಪಾರ್ಕಿಂಗ್. ಸಂಸ್ಥೆಯ ಸದಸ್ಯತ್ವದ ಷೇರು ಪತ್ರ ದಿಲೀಪನ ಹೆಸರಿನಲ್ಲಿದ್ದುದರಿಂದ ಮೃಣಾಲ್‌ಗೆ ಮಾತಾಡುವ ಹಕ್ಕಿರಲಿಲ್ಲ. ಗಂಡ ಇಳಿದು ಬರಲಾರ ಎಂದು ಅವಳು ಚೀಟಿ ಕೊಟ್ಟಳು. ಚೀಟಿ ತಿರಸ್ಕೃತವಾಯಿತು. ಇಳಿಯಲಾಗದ ಸದಸ್ಯರು ಆ ವಿಷಯವನ್ನು ಖುದ್ದಾಗಿ ಇಳಿದು ಬಂದು ಸಭೆಗೆ ತಿಳಿಸಬೇಕೆಂಬುದು ನಿಯಮ ಹನ್ನೊಂದು.

ಸಭೆಗೆ ಐದು ಜನ ಬಂದಿದ್ದರು. ಕೋರಂ ಇಲ್ಲದ ಕಾರಣ ಸಭೆಯನ್ನು ಅರ್ಧ ಗಂಟೆ ಮುಂದೂಡಲಾಯಿತು. ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲ. ಅರ್ಧ ಗಂಟೆ ಎಲ್ಲರೂ ಅದೇ ಕುರ್ಚಿಗಳಲ್ಲಿ ಕೂತು ವಡಾ ಪಾವ್ ತಿಂದರು; ಆ ಹೊತ್ತಿಗೆ ಐವರಲ್ಲಿ ಇಬ್ಬರು ಎದ್ದು ಹೋಗಿದ್ದರು. ಉಳಿದ ಮೂವರು ಇಪ್ಪತ್ತು ಮನೆಗಳ ಪರವಾಗಿ ಸರ್ವಾನುಮತದಿಂದ ಈ ಠರಾವು ಪಾಸು ಮಾಡಿದರು:

"ಇಂದಿನಿಂದ ಕಟ್ಟಡದ ಮಹಡಿಗಳನ್ನು ಮೇಲಿನಿಂದ ಎಣಿಸತಕ್ಕದ್ದು. ಈವರೆಗಿನ ನಾಲ್ಕನೇ ಮಹಡಿಯನ್ನು ನೆಲಮಹಡಿ ಎಂದೂ, ನೆಲಮಹಡಿಯನ್ನು ನಾಲ್ಕನೇ ಮಹಡಿ ಎಂದೂ ತಿಳಿಯತಕ್ಕದ್ದು."

ಎರಡನೇ ಮಹಡಿಯವರಿಗೆ ಯಾವ ವ್ಯತ್ಯಾಸವೂ ಆಗದ್ದರಿಂದ ಅವರು ತಟಸ್ಥರಾಗಿ ಉಳಿದರು. ನೆಲಮಹಡಿಯ ಲೇಲೆ ಕಾಕು ಮಾತ್ರ ಸ್ವಲ್ಪ ತಕರಾರು ತೆಗೆದರು. "ಈ ವಯಸ್ಸಲ್ಲಿ ನಾನು ನಾಲ್ಕನೇ ಮಹಡೀಲಿರಬೇಕಾ?"

"ಪ್ರತಿ ಮಳೆಗಾಲ ನಿಮ್ಮನೆಗೆ ಗಟಾರದ ನೀರು ನುಗ್ಗತ್ತೆ ಅಲ್ವಾ? ನಾಲ್ಕನೇ ಮಹಡಿಗೆ ನೀರು ನುಗ್ಗಿದ ದಾಖಲೆ ಒಂದಾದ್ರೂ ತೋರಿಸಿ," ಎಂದರು ತಾಮ್ಹಣೆ ಕಾಕಾ. ಕಾಕು ಕಡತ ತಿರುವಿ ನೋಡಿದರು. ಇರಲಿಲ್ಲ. ತಕರಾರು ವಾಪಸಾಯಿತು.

ಹಿಂದೆ ನಿಂತಿದ್ದ ಮೃಣಾಲ್ ತಡೆಯಲಾರದೆ ಕೇಳಿದಳು. "ಕಾಕಾ, ಠರಾವು ಮಾಡಿದ್ರೆ ಮೆಟ್ಟಿಲು ಕಮ್ಮಿ ಆಗತ್ತಾ?"

"ಮೆಟ್ಟಿಲಿನ ವಿಷಯ ಇವತ್ತಿನ ಅಜೆಂಡಾದಲ್ಲಿಲ್ಲ."

ಆದರೂ ಅವಳು ಒಳಗೊಳಗೇ ಸಮಾಧಾನಪಟ್ಟಳು. ಕಾಗದದಲ್ಲಿ ನೆಲಮಹಡಿಯಾದರೆ ಆಗಲಿ, ಎನ್‌ಒಸಿ ಕೈಗೆ ಬಂದರೆ ಸಾಕು. ಹದಿನಾಲ್ಕು ತಪ್ಪಿನ ದೇಣಿಗೆ ಕಟ್ಟಿ, ಫೋಟೋ ತೆಗೆದಿಟ್ಟು, ಬೊಂಬಿಲ್ ಬಿಟ್ಟು ಅವಳು ಕಾದಳು. ಹದಿನೈದು ದಿನಕ್ಕೆ ಪತ್ರ ಬಂತು.

"ನಿಮ್ಮ ಅರ್ಜಿಯಲ್ಲಿ ಮಾರಾಟದ ಕಾರಣವನ್ನು 'ಯಜಮಾನರು ನಾಲ್ಕನೇ ಮಹಡಿಯಿಂದ ಇಳಿಯಲಾರರು, ನೆಲಮಹಡಿಯ ಮನೆ ಬೇಕಾಗಿದೆ' ಎಂದು ನಮೂದಿಸಿರುತ್ತೀರಿ. ಸಂಸ್ಥೆಯು ನಿಮಗೆ ನೆಲಮಹಡಿಯನ್ನು ಒದಗಿಸಿದೆ. ಕಾರಣವೇ ಪರಿಹಾರವಾದ ಮೇಲೆ ಮಾರುವುದು ಹದಿನೈದನೇ ತಪ್ಪಾಗುತ್ತದೆ. ಅರ್ಜಿ ಮುಕ್ತಾಯ. ಅಭಿನಂದನೆಗಳು."

ಮೃಣಾಲ್ ಪತ್ರ ಹಿಡಿದು ಎದುರು ಬಾಗಿಲು ಬಡಿದಳು.

"ಕಾಕಾ, ಅರ್ಜಿ ಹಾಕಿದಾಗ ಇವರು ನೆಲ ಮುಟ್ಟಿ ಏಳು ತಿಂಗಳಾಗಿತ್ತು. ಈಗ ಎಂಟು. ಹೇಗೆ ಇಳಿಬೇಕು ಇವರು?"

"ಎಲ್ಲಿಗೆ?"

"ಕೆಳಗೆ."

"ನೆಲಮಹಡಿಗಿಂತ ಕೆಳಗೆ ಏನಿರತ್ತೆ, ಮಗಳೇ? ಹತ್ತನೇ ಕ್ಲಾಸ್ ಓದಿದ್ದೀಯಲ್ಲ."

"ಹಾಗಾದ್ರೆ ಕಿಟಕಿಯಿಂದ ಕೆಳಗೆ ಕಾಣ್ತಿದೆಯಲ್ಲ, ಬಾದಾಮಿ ಮರ, ರಿಕ್ಷಾ, ಅದೇನು?"

ತಾಮ್ಹಣೆ ಕಾಕಾ ಕಿಟಕಿಗೆ ಹೋಗಿ ಸಾವಕಾಶವಾಗಿ ಬಗ್ಗಿ ನೋಡಿದರು. "ಸಂಸ್ಥೆಯ ವ್ಯಾಪ್ತಿಗೆ ಬರದ ಪ್ರದೇಶ," ಎಂದರು.

ಇದೇ ಹೊತ್ತಿಗೆ ತಾಮ್ಹಣೆ ಕಾಕಾ ತಮ್ಮ ಮನೆಗೂ ಅರ್ಜಿ ಹಾಕಿದರು. ಕಾರಣದ ಜಾಗ ಖಾಲಿ ಬಿಟ್ಟಿದ್ದರು. ಗೋಡೆಯ ಮೇಲೆ ಫೋಟೋ ಇರಲಿಲ್ಲ, ಮನೆ ನೆಲಮಹಡಿಯಲ್ಲಿತ್ತು. ಉಪಸಮಿತಿ ಒಂದು ತಪ್ಪನ್ನೂ ಕಾಣದೆ ಅರ್ಧ ಗಂಟೆಯಲ್ಲಿ ಎನ್‌ಒಸಿ ಕೊಟ್ಟಿತು. ದವಾಖಾನೆಗೆ ನೆಲಮಹಡಿಯೇ ಬೇಕೆಂದು ಹುಡುಕುತ್ತಿದ್ದ ಡಾಕ್ಟರ್ ಸಾವೆ, ಪೇಟೆಯ ನೆಲಮಹಡಿ ದರಕ್ಕೆ ಅದನ್ನು ಕೊಂಡರು. ಮೊದಲ ದಿನ ಅರವತ್ತೆಂಟು ಮೆಟ್ಟಿಲು ಹತ್ತಿ ಬಂದು ಏನೋ ಕೇಳಲು ಬಾಯಿ ತೆರೆದರು. ತಾಮ್ಹಣೆ ಕಾಕಾ ಮೊಹರು ಬಿದ್ದ ಕಾಗದ ತೋರಿಸಿದರು. ಡಾಕ್ಟರ್ ಓದಿ ಬಾಯಿ ಮುಚ್ಚಿದರು. ಅವರಿಗೆ ನಷ್ಟವೇನೂ ಆಗಲಿಲ್ಲ. ಬಂದ ರೋಗಿಗಳಿಗೆಲ್ಲ ರಕ್ತದೊತ್ತಡ ಏರಿರುತ್ತಿತ್ತು.

ಸಾಮಾನು ಇಳಿಸಿದ ಹಮಾಲರು ಮಹಡಿಗೆ ಇಷ್ಟು ಎಂದು ಹೆಚ್ಚು ಕೂಲಿ ಕೇಳಿದಾಗ ತಾಮ್ಹಣೆ ಕಾಕಾ ಅವರಿಗೂ ಠರಾವನ್ನು ಓದಿ ಹೇಳಿದರು. ನೆಲಮಹಡಿಯ ಸಾಮಾನಿಗೆ ಮಹಡಿ ಕೂಲಿ ಇಲ್ಲ.

ಪಾಡ್ವಕ್ಕೆ ಮೂರು ದಿನ ಮುಂಚೆ ಬದಲಾಪುರದಿಂದ ಭೋಯಿರ್ ಫೋನು ಮಾಡಿದರು. "ವಹಿನಿ, ಬೇಜಾರಾಗಬೇಡಿ. ನಿಮ್ಮ ಸೊಸೈಟಿಯವರೇ ಒಬ್ಬರು ಬಂದು ನಿಮಗೆ ಗ್ರೌಂಡ್ ಫ್ಲೋರ್ ಸಿಕ್ಕಿದೆ ಅಂದ್ರು, ಕಾಗದಾನೂ ತೋರಿಸಿದ್ರು. ಮನೆ ಅವರಿಗೇ ಕೊಟ್ಬಿಟ್ಟೆ. ವಯಸ್ಸಾದೋರು ಪಾಪ, ಮೆಟ್ಟಿಲು ಹತ್ತೋಕೆ ಆಗಲ್ವಂತೆ."

ಮೃಣಾಲ್ ತೆಗೆದಿಟ್ಟ ಫೋಟೋಗಳನ್ನು ಮತ್ತೆ ಗೋಡೆಗೆ ಹಾಕಿದಳು. ಸಂಜೆ ಬೊಂಬಿಲ್ ಹುರಿದಳು.

ಹೊಸ ಡಾಕ್ಟರು ನೆರೆಮನೆಯವರೆಂದು ದಿಲೀಪನ ಕಾಲನ್ನು ಪುಕ್ಕಟೆ ನೋಡಿ, ದಿನಾ ಅರ್ಧ ಗಂಟೆ ನೆಲಮಹಡಿಯಲ್ಲಿ ಹೊರಗೆ ಅಡ್ಡಾಡಬೇಕು ಎಂದು ಬರೆದುಕೊಟ್ಟರು. ಎರಡು ಬಾಗಿಲುಗಳ ನಡುವಿನ ಜಾಗದಲ್ಲಿ ದಿಲೀಪ ವಾಕರ್ ಹಿಡಿದು ಅಡ್ಡಾಡತೊಡಗಿದ: ಆರು ಹೆಜ್ಜೆ ಆಚೆ, ಆರು ಹೆಜ್ಜೆ ಈಚೆ. ಅಂತೂ ಹೊರಗೆ ಓಡಾಡುವ ಹಾಗಾದನಲ್ಲ ಎಂದು ಎಲ್ಲರೂ ಸಂತೋಷಪಟ್ಟರು. ಓವಿ ಶಾಲೆಗೆ ಹೊರಟಾಗ ಅವನು ಅವಳ ಕೈ ಹಿಡಿದು ಆರು ಹೆಜ್ಜೆ ಕರೆದುಕೊಂಡು ಹೋಗಿ ಮೆಟ್ಟಿಲ ತುದಿಯಲ್ಲಿ ಬಿಡುತ್ತಿದ್ದ.

ಪಾಡ್ವದ ದಿನ ಕಿಟಕಿಗೆ ಹಬ್ಬದ ಕೋಲು, ಗುಡಿ, ಕಟ್ಟಿದರು. ರೇಷ್ಮೆ ಬಟ್ಟೆ ಪಟಪಟ ಹಾರುತ್ತಿತ್ತು. ಮೃಣಾಲ್ ಎರಡು ಚೀಲ ತರಕಾರಿ, ಅರ್ಧ ಕಿಲೋ ಶ್ರೀಖಂಡ ಹೊತ್ತುಕೊಂಡು ಹತ್ತಿ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ದಿಲೀಪ ಕಿಟಕಿಯಲ್ಲಿ ಗಾಳಿಗೆ ಮುಖವೊಡ್ಡಿ ಕೂತಿದ್ದ.

"ಗ್ರೌಂಡ್ ಫ್ಲೋರಲ್ಲಿ ಇಷ್ಟು ಗಾಳಿ ಬರೋ ಮನೆ ಇಡೀ ಡೊಂಬಿವಲೀಲಿ ಇನ್ನೊಂದಿಲ್ಲ ಕಣೇ," ಎಂದ. "ಮಾರದೇ ಇದ್ದದ್ದು ಒಳ್ಳೇದೇ ಆಯ್ತು, ಅಲ್ವಾ?"

"ಹೌದು," ಎಂದಳು ಮೃಣಾಲ್, ಉಸಿರು ಬಂದ ಮೇಲೆ.