ಹೊಡೆತ ತುಂಬಿದ ಬ್ಯಾಟು

ಆ ಭಾನುವಾರದ ರಾದ್ಧಾಂತಕ್ಕೆಲ್ಲ ಮೂಲ ಒಂದು ಕೋಳಿಯ ಕಾಲು.

ಲೊರೇನಮ್ಮ ಕೋಳಿ ಹುರಿದ ದಿನ ದೊಡ್ಡ ಕಾಲು ವರ್ನನ್ ಸ್ಟಕಿಯ ತಟ್ಟೆಗೇ ಬೀಳುವುದು ಆರು ವರ್ಷದ ಕಟ್ಟಳೆ. ಹಾರ್ಲೋ ಊರಿನ ಬೇಸ್‌ಬಾಲ್ ತಂಡದ ಆಟಗಾರರನ್ನು ಊರವರೇ ಮನೆಯಲ್ಲಿಟ್ಟುಕೊಂಡು ಸಾಕುತ್ತಾರೆ. ಆಕೆಯ ಮಹಡಿ ಕೋಣೆ ಇವನದು. ಅಂದು ಮಾತ್ರ ಆ ಕಾಲು ಅವನ ಮೂಗಿನ ಮುಂದೆಯೇ ಹಾದು ಹೋಗಿ ಓಸ್ವಾಲ್ಡೊನ ತಟ್ಟೆಯಲ್ಲಿ ಕೂತಿತು.

"ಅವನು ಬೆಳೆಯೋ ಹುಡುಗ, ತಿನ್ಲಿ," ಎಂದರು ಲೊರೇನಮ್ಮ. "ನಿಂಗೆ ಈ ವಯಸ್ಸಲ್ಲಿ ಕರಿದಿದ್ದು ಒಳ್ಳೇದಲ್ಲಪ್ಪ."

ಈ ವಯಸ್ಸು ಎಂದರೆ ಮೂವತ್ತನಾಲ್ಕು. ಹನ್ನೆರಡು ವರ್ಷ ಸಣ್ಣ ಊರುಗಳ ತಂಡಗಳಲ್ಲಿ ಆಡುತ್ತ, ಬಸ್ಸಿನ ಸೀಟಿನಲ್ಲಿ ಬೆನ್ನು ಸವೆಸಿಕೊಂಡ ವರ್ನನ್, ಈ ಸಣ್ಣ ತಂಡಗಳಿಂದ ಆಟಗಾರರನ್ನು ಆರಿಸಿಕೊಳ್ಳುವ ದೊಡ್ಡ ತಂಡದ ಮೈದಾನವನ್ನು ಕಂಡದ್ದು ಟಿವಿಯಲ್ಲಿ ಮಾತ್ರ. ಓಸ್ವಾಲ್ಡೊ ಏಪ್ರಿಲ್‌ನಲ್ಲಿ ವೆನೆಜುವೆಲಾದಿಂದ ಬಂದು ಇದೇ ತಂಡ, ಇದೇ ಮನೆ ಸೇರಿದವನು, ಇಪ್ಪತ್ತೊಂದರ ಹರೆಯ. ಬ್ಯಾಟಿನ ಹಿಡಿಗೆ ಟೇಪು ಸುತ್ತುವುದು, ಮರ ಗಟ್ಟಿಯಾಗಲೆಂದು ಮೂಳೆಯಿಂದ ಉಜ್ಜುವುದು, ಎಲ್ಲವನ್ನೂ ಅವನಿಗೆ ಕಲಿಸಿದವನು ವರ್ನನ್ನೇ. ಈಗ ನೋಡಿದರೆ ಶಿಷ್ಯ ಒಂದೇ ಬ್ಯಾಟು ಹಿಡಿದು ಹದಿಮೂರು ಪಂದ್ಯದಿಂದ ಬಾರಿಸುತ್ತಲೇ ಇದ್ದಾನೆ. ಗುರುವಿಗೆ ಎರಡು ವಾರದಿಂದ ಚೆಂಡು ಕಣ್ಣಿಗೇ ಕಾಣುತ್ತಿಲ್ಲ. ವರ್ನನ್‌ಗೆ ಹೊಟ್ಟೆಕಿಚ್ಚು ಎಷ್ಟಿತ್ತೆಂದರೆ, ಹುಡುಗ ಸೀನಿದರೂ ಅದರಲ್ಲಿ ಜಂಬ ಕಾಣುತ್ತಿತ್ತು.

ಅಷ್ಟರಲ್ಲಿ ಫೋನು. ತರಬೇತುದಾರ ಗಸ್ ಟಾಲೆಫ್ಸನ್.

"ವರ್ನನ್, ದೊಡ್ಡ ತಂಡದಲ್ಲಿ ಒಬ್ಬನ ಮೊಣಕಾಲು ಮುರಿದಿದೆಯಂತೆ. ಇವತ್ತಿನ ಆಟ ನೋಡೋಕೆ ಅಲ್ಲಿಂದ ಜನ ಬರ್ತಿದಾರೆ. ಆಟ ಮುಗಿದ ತಕ್ಷಣ ಒಬ್ಬನ್ನ ಕರ್ಕೊಂಡು ಹೋಗ್ತಾರೆ. ನೀನು, ಇಲ್ಲಾ ಆ ಹುಡುಗ. ನಿಂಗೆ ಇನ್ನೊಂದು ಸಲ ಇಂಥದ್ದು ಬರಲ್ಲ ಕಣೋ, ನೆನಪಿಟ್ಕೊ."

ಸುದ್ದಿ ಕೇಳಿ ಓಸ್ವಾಲ್ಡೊ ಕೈಲಿದ್ದ ಕಾಲನ್ನೂ ಮರೆತ. "ನೀವೇ ಹೋಗ್ಬೇಕು ಅಣ್ಣಾ! ಹನ್ನೆರಡು ವರ್ಷ ಅಂದ್ರೆ ತಮಾಷೆನಾ?" ಎಂದವನೇ ಅರ್ಧ ಊಟಕ್ಕೆ ಎದ್ದು ಮೈದಾನಕ್ಕೆ ಓಡಿದ.

'ಬೆಣ್ಣೆ ಹಚ್ತಾನೆ, ಕಳ್ಳ. ಮೊದಲೇ ಹೋಗಿ ಅಭ್ಯಾಸ ಮಾಡೋಕೆ,' ಅಂದುಕೊಂಡ ವರ್ನನ್. ತಟ್ಟೆಯಲ್ಲಿದ್ದ ಕೋಳಿಯ ಕುತ್ತಿಗೆ ಅವನಿಗೆ ಸೇರಲಿಲ್ಲ.

ಬೇಸ್‌ಬಾಲ್ ಆಡುವವರಿಗೆ ಒಂದು ನಂಬಿಕೆ. ಪ್ರತಿ ಬ್ಯಾಟಿನ ಹೊಟ್ಟೆಯಲ್ಲೂ ಇಂತಿಷ್ಟು ಅಂತ ಹೊಡೆತ ತುಂಬಿರುತ್ತದೆ. ಹಾಗಾಗಿ ಇನ್ನೊಬ್ಬನ ಬ್ಯಾಟನ್ನು ಯಾರೂ ಮುಟ್ಟುವಂತಿಲ್ಲ. ಅದು ಇನ್ನೊಬ್ಬನ ಹಲ್ಲುಜ್ಜುವ ಬ್ರಷ್ಷನ್ನು ಬಾಯಿಗಿಟ್ಟಷ್ಟೇ ಹೇಸಿಗೆಯ ಕೆಲಸ. ಇದನ್ನೂ ಓಸ್ವಾಲ್ಡೊನಿಗೆ ಮೊದಲ ದಿನವೇ ಹೇಳಿಕೊಟ್ಟವನು ವರ್ನನ್. ಆದರೆ ಹೊಟ್ಟೆಯಲ್ಲಿ ಕಿಚ್ಚಿರುವವನಿಗೆ ತಾನು ಹೇಳಿದ ಪಾಠ ತನಗೇ ನೆನಪಿರುವುದಿಲ್ಲ.

ಆಟಕ್ಕೆ ಒಂದು ಗಂಟೆ ಇರುವಾಗ ತಂಡವೆಲ್ಲ ಹೊರಗೆ ಓಡುತ್ತಿತ್ತು. ವರ್ನನ್ ಬ್ಯಾಟು ನಿಲ್ಲಿಸಿಡುವ ಜಾಗಕ್ಕೆ ಬೆಕ್ಕಿನ ಹೆಜ್ಜೆಯಲ್ಲಿ ಬಂದ. ಒಂದೇ ಅಂಗಡಿಯ ಕರೀ ಬ್ಯಾಟುಗಳು, ಒಬ್ಬನೇ ಗುರು ಕಲಿಸಿದ ಟೇಪಿನ ಸುತ್ತು. ಎರಡೂ ಅವಳಿ ಮಕ್ಕಳ ಹಾಗೆ. ವ್ಯತ್ಯಾಸವಿದ್ದದ್ದು ಹಿಡಿಯ ತುದಿಗೆ ಅಂಟಿಸಿದ ನಂಬರಿನ ಚೀಟಿಯಲ್ಲಿ. ವರ್ನನ್ ಹದಿನೇಳು, ಓಸ್ವಾಲ್ಡೊ ಹನ್ನೊಂದು.

ಉಗುರು ತಾಗಿಸಿದ್ದೇ ತಡ, ಚೀಟಿಗಳು ಕಾದು ಕೂತಿದ್ದವರಂತೆ ಎದ್ದು ಬಂದವು. 'ದೇವರೂ ನನ್ನ ಕಡೆ ಇದ್ದಾನೆ,' ಎಂದು ಹಿಗ್ಗಿದ. ಹನ್ನೊಂದನ್ನು ಇತ್ತ, ಹದಿನೇಳನ್ನು ಅತ್ತ ಅಂಟಿಸುವಷ್ಟರಲ್ಲಿ ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ಗಾಬರಿಗೆ ಒಂದು ಚೀಟಿ ಬಾಯೊಳಗೆ ಹೋಯಿತು.

ತಂಡದ ಬಟ್ಟೆಬರೆ ನೋಡಿಕೊಳ್ಳುವ ಬುಕೋವ್‌ಸ್ಕಿ ಅಲ್ಲಿ ನಿಂತಿದ್ದ. ಅವನಿಗೆ ಗೊತ್ತಾದರೆ ಊರಿಗೆ ರೇಡಿಯೊ ಬೇಕಿರಲಿಲ್ಲ.

"ಬ್ಯಾಟ್ ಹತ್ರ ಏನೋ ಮಾಡ್ತಿದೀಯ?"

"ಮ್ಮ್... ಪ್ರಾಹ್ಥನೆ."

"ಬಾಯಲ್ಲೇನು?"

"ಬೀಹ... ಹೂರ್ಯಕಾಂತಿ ಬೀಹ."

"ಸಿಪ್ಪೆ ಉಗಿದು ಪ್ರಾರ್ಥನೆ ಮಾಡೋ. ದೇವರಿಗೂ ಅರ್ಥ ಆಗ್ಬೇಕಲ್ಲ," ಎಂದು ಬುಕೋವ್‌ಸ್ಕಿ ಹೊರಟ. ವರ್ನನ್ ಒದ್ದೆ ಚೀಟಿಯನ್ನು ಅಂಗಿಗೆ ಒರೆಸಿ ಅಂಟಿಸಿದ. ಐದು ನಿಮಿಷದಲ್ಲಿ, ವರ್ನನ್ ಬ್ಯಾಟಿಗೆ ಮುತ್ತು ಕೊಡುತ್ತಿದ್ದ ಎಂಬ ಸುದ್ದಿ ಇಡೀ ತಂಡಕ್ಕೆ ಹಬ್ಬಿತ್ತು.

"ಮದುವೆ ಯಾವಾಗಪ್ಪಾ?" ಎಂದ ಒಬ್ಬ.

"ಹುಡುಗಿ ಕಪ್ಪಗಿದ್ರೂ ಲಕ್ಷಣವಾಗಿದಾಳೆ," ಎಂದ ಇನ್ನೊಬ್ಬ. ವರ್ನನ್ ಹಲ್ಲು ಕಚ್ಚಿ ನಕ್ಕ. ಸಂಜೆ ಯಾರು ನಗುತ್ತಾರೆ ನೋಡೋಣ ಎಂದು ಅವನ ಲೆಕ್ಕ.

ಆಟ ಶುರುವಾಯಿತು. ದೊಡ್ಡ ತಂಡದವರು ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು. ವರ್ನನ್ ಎದೆಯುಬ್ಬಿಸಿ ಹೋಗಿ ಮೂರು ಸಲ ಬೀಸಿದ, ಮೂರೂ ಗಾಳಿಗೆ. ಔಟ್. ಅವನ ಹಿಂದೆಯೇ ಹೋದ ಓಸ್ವಾಲ್ಡೊ ಮೊದಲ ಚೆಂಡನ್ನೇ ಬೇಲಿಯಾಚೆ ಈರುಳ್ಳಿ ಹೊಲಕ್ಕೆ ಕಳಿಸಿದ.

'ನನ್ನ ಬ್ಯಾಟಲ್ಲೂ ಒಂದು ಹೊಡೆತ ಉಳಿದಿತ್ತು ಅಂತ ಕಾಣತ್ತೆ, ಖರ್ಚಾಯ್ತು ಬಿಡು,' ಎಂದು ವರ್ನನ್ ಸಮಾಧಾನ ಮಾಡಿಕೊಂಡ. ಎರಡನೇ ಸರದಿಯಲ್ಲಿ ಅವನ ಚೆಂಡು ಮೂರು ಹೆಜ್ಜೆ ಉರುಳಿ ಸುಸ್ತಾಗಿ ನಿಂತಿತು. ಓಸ್ವಾಲ್ಡೊ ಮತ್ತೆ ಬೇಲಿಯಾಚೆ.

ವಿಚಿತ್ರವೆಂದರೆ ವರ್ನನ್ ಔಟಾದಾಗಲೆಲ್ಲ ಹುಡುಗನೇ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದ. "ಇನ್ನೊಂದ್ಸಲ ಬೀಸಿ ಅಣ್ಣಾ! ಅದರಲ್ಲಿ ಇದೆ, ನಂಗೊತ್ತು, ಇದೆ!" ಎಂದು ಕೂಗುತ್ತಿದ್ದ. ಅಣಕಿಸುವುದಕ್ಕೂ ಒಂದು ಮಿತಿ ಬೇಡವೇ ಎಂದು ವರ್ನನ್‌ನ ಮೈಯೆಲ್ಲ ಉರಿಯಿತು.

ಕೊನೆಯ ಸರದಿ. ಹನ್ನೆರಡು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ಬೀಸಿದ. ಬ್ಯಾಟು ಎರಡು ತುಂಡಾಗಿ, ಒಂದು ತುಂಡು ಹಾರಿ ಹೋಗಿ, ಜನರನ್ನು ರಂಜಿಸಲು ಈರುಳ್ಳಿ ವೇಷ ಹಾಕಿ ಮೈದಾನದ ಅಂಚಿನಲ್ಲಿ ಕುಣಿಯುತ್ತಿದ್ದವನ ಹೊಟ್ಟೆಗೆ ಬಡಿಯಿತು. ಈರುಳ್ಳಿ ಉರುಳಿತು, ಜನ ಬಿದ್ದು ಬಿದ್ದು ನಕ್ಕರು. ಚೆಂಡು ಮಾತ್ರ ಎದುರಾಳಿಯ ಕೈಗವಸಿನಲ್ಲಿ ಸುಖವಾಗಿ ಕೂತಿತ್ತು.

ಆಟ ಮುಗಿದ ಕಾಲು ಗಂಟೆಗೆ ಗಸ್ ಬಟ್ಟೆ ಬದಲಿಸುವ ಕೋಣೆಗೆ ಬಂದು ಓಸ್ವಾಲ್ಡೊನ ಹೆಗಲು ತಟ್ಟಿದ. "ಗಂಟು ಮೂಟೆ ಕಟ್ಟು ಮರಿ. ಕಾರು ಕಾಯ್ತಿದೆ." ಎಲ್ಲರೂ ಹೋ ಎಂದು ಅವನನ್ನು ಮುತ್ತಿದರು. ಹುಡುಗ ಅವರನ್ನೆಲ್ಲ ಸರಿಸಿ ಬಂದು ವರ್ನನ್‌ನ ಮುಂದೆ ನಿಂತ. ಅವನ ಕಣ್ಣಲ್ಲಿ ನೀರು.

"ನನ್ನ ಕ್ಷಮಿಸ್ಬೇಕು ಅಣ್ಣಾ. ನಾನೊಂದು ತಪ್ಪು ಮಾಡಿದೀನಿ."

"ಏನೋ ಅದು?"

"ಮಧ್ಯಾಹ್ನ ಊಟ ಬಿಟ್ಟು ಓಡಿ ಬಂದ್ನಲ್ಲ... ನಂಬರಿನ ಚೀಟಿ ಕಿತ್ತು ಅದಲು ಬದಲು ಮಾಡ್ದೆ. ನನ್ನ ಬ್ಯಾಟನ್ನ ನಿಮ್ಗೆ ಇಟ್ಟೆ, ನಿಮ್ದು ನಾನು ತಗೊಂಡೆ. ಅದರಲ್ಲಿರೋ ಹೊಡೆತ ಎಲ್ಲ ನಿಮ್ಗೆ ಸೇರ್ಲಿ, ನೀವೇ ದೊಡ್ಡ ತಂಡಕ್ಕೆ ಹೋಗ್ಬೇಕು ಅಂತ. ಆದ್ರೆ ನೋಡಿ, ನಿಮ್ಮ ಬ್ಯಾಟಲ್ಲಿ ನಾನೇ ಹೊಡೆದ್ಬಿಟ್ಟೆ! ನಿಮ್ಮ ಕೈ ತಾಗಿದ ಬ್ಯಾಟು ಅಲ್ವಾ, ಅದರ ಗುಣ."

ಚೀಟಿಯ ಅಂಟು ಯಾಕೆ ಅಷ್ಟು ಸಡಿಲವಾಗಿತ್ತು ಎಂದು ವರ್ನನ್‌ಗೆ ಆಗ ಹೊಳೆಯಿತು. ಕೈಗೆ ಬಂದಿದ್ದ ಬ್ಯಾಟನ್ನು ತಾನೇ ಎತ್ತಿ, ಬಾಯಲ್ಲಿ ಚೀಟಿ ಕಚ್ಚಿಕೊಂಡು, ಹುಡುಗನಿಗೆ ವಾಪಸ್ಸು ಕೊಟ್ಟಿದ್ದ. ಅವನಿಗೆ ಕೂರಬೇಕೆನಿಸಿತು; ಕೂತ.

"ನಿಮ್ಮ ನೆನಪಿಗೆ ನಿಮ್ಮ ಬ್ಯಾಟನ್ನ ನಾನೇ ಇಟ್ಕೊಳ್ಲಾ ಅಣ್ಣಾ?" ಎಂದು ಕೇಳುತ್ತ ಹುಡುಗ ಹದಿಮೂರು ಪಂದ್ಯದ ಆ ಬ್ಯಾಟನ್ನು ಎದೆಗೊತ್ತಿಕೊಂಡ. ಬುಕೋವ್‌ಸ್ಕಿ ಕಣ್ಣೊರೆಸಿಕೊಳ್ಳುತ್ತಿದ್ದ. ಇಡೀ ಕೋಣೆ ವರ್ನನ್‌ನ ಬಾಯನ್ನೇ ನೋಡುತ್ತಿತ್ತು.

ವರ್ನನ್ ಚೀಟಿ ಒರೆಸಿದ್ದ ಅಂಗಿಯ ಕಲೆಯನ್ನು ಅಂಗೈಯಿಂದ ಮುಚ್ಚಿಕೊಂಡ.

"ಇಟ್ಕೊ. ಆದ್ರೆ ಇನ್ನೊಬ್ಬರ ಬ್ಯಾಟ್ ಮುಟ್ಟಬಾರ್ದು ಅಂತ ನಿಂಗೆ ಮೊದಲ ದಿನವೇ ಹೇಳಿರ್ಲಿಲ್ವೇನೋ?"

"ತಪ್ಪಾಯ್ತು ಅಣ್ಣಾ," ಎಂದು ಓಸ್ವಾಲ್ಡೊ ತಲೆ ತಗ್ಗಿಸಿದ.